ಹಸಿಯದ್ದೋ ಒಣಗಿದ್ದೋ: ಮನೆಯ ಜಿಂಜರ್ ಬಿಯರಿಗೆ ಶುಂಠಿ, ಹಾಪ್ಸ್, ಪುನರ್ಪುಳಿ, ಗೇರುಹಣ್ಣು

ಜನವರಿ ಹೊತ್ತಿಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಶುಂಠಿಯ ಎಲೆ ಹಳದಿಗಟ್ಟಿ ಮಗುಚಿ ಬೀಳುತ್ತದೆ. ಅಗೆದದ್ದರಲ್ಲಿ ಒಂದು ಪಾಲು ಬಿತ್ತನೆಗೆ, ಒಂದು ಪಾಲು ಅಡುಗೆಗೆ, ಉಳಿದದ್ದು ಒಣಗಲು ಅಂಗಳಕ್ಕೆ. ಈಗೀಗ ನಾಲ್ಕನೆಯ ಪಾಲೂ ಹುಟ್ಟಿಕೊಂಡಿದೆ. ರಜೆಗೆ ಬಂದ ಮಕ್ಕಳು ಯೂಟ್ಯೂಬ್ ನೋಡಿ, ಶುಂಠಿ ಹುಳಿಬರಿಸಿದ ನೊರೆಪಾನೀಯ ಜಿಂಜರ್ ಬಿಯರ್ ಮಾಡುತ್ತೇವೆಂದು ಒಂದು ಹಿಡಿ ಎತ್ತಿಕೊಂಡು ಹೋಗುತ್ತಾರೆ. ಅದರ ಹಿಂದೆಯೇ ಪ್ರಶ್ನೆಗಳು. ಒಣಶುಂಠಿ ಆಗುವುದಿಲ್ಲವಾ? ಬಿಯರ್ ಅಂದಮೇಲೆ ಅದಕ್ಕೆ ಕಹಿ ಕೊಡುವ ಹಾಪ್ಸ್ ಹೂವು ಬೇಡವಾ? ಹಸಿ ಹಾಪ್ಸ್ ಒಳ್ಳೆಯದಂತೆ, ತರಿಸಬಹುದಾ? ಗುಡ್ಡೆಯಲ್ಲಿ ಗೇರುಹಣ್ಣು ಸುಮ್ಮನೆ ಕೊಳೆಯುತ್ತಿದೆ, ಅದನ್ನೇ ಹಾಕಿದರೆ?

ಹಸಿಯದ್ದೆಂದರೆ ಮೇಲು, ಒಣಗಿದ್ದೆಂದರೆ ಗತಿ ಇಲ್ಲದವರಿಗೆ ಎಂಬ ಭಾವನೆ ಎಲ್ಲರಲ್ಲೂ ಇದೆ. ಹುಳಿಬರಿಸಿ ಮಾಡುವ ಪಾನೀಯದಲ್ಲಿ ಅದು ಅರ್ಧ ಮಾತ್ರ ನಿಜ. ಪರಿಮಳ ಮತ್ತು ಜೀವಾಣು ಬೇಕಿದ್ದರೆ ಹಸಿಯದ್ದು. ಕಹಿಯೋ ಖಾರವೋ ಹುಳಿಯೋ ಇಷ್ಟೇ ಇರಬೇಕು ಎಂದಿದ್ದರೆ ಒಣಗಿದ್ದು. ಯಾವುದಕ್ಕೆ ಯಾವುದು ಎಂದು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಕಾನೂನು.

ಕೇರಳದಲ್ಲಿ ಪರವಾನಗಿ ಇಲ್ಲದೆ ಬಿಯರ್, ವೈನ್ ಮಾಡುವುದು ಅಬಕಾರಿ ಕಾಯ್ದೆಯಡಿ ಅಪರಾಧ. ಮನೆಯವರೇ ಕುಡಿಯುವುದಕ್ಕೆ ಎಂದರೂ ಅಪರಾಧವೇ. ಹಣ್ಣಿನ ವೈನ್ ಮಾಡುವ ಸಣ್ಣ ಘಟಕಗಳಿಗೆ ಸರಕಾರ 2022ರಲ್ಲಿ ನಿಯಮ ತಂದಿದೆ, ಅದು ಲೈಸೆನ್ಸ್ ಪಡೆದವರಿಗೆ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ಮನೆಯ ಒಲೆಯ ಮೇಲೆ ಬಿಯರ್ ಬೇಯಿಸಲು ಅನುಮತಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಹೇಳುವುದು ಬೇಗ ನಿಲ್ಲಿಸಿ ಫ್ರಿಜ್ಜಿಗೆ ಸೇರಿಸುವ ನೊರೆಪಾನಕದ ವಿಷಯ. ಬಾರ್ಲಿ ಬೇಯಿಸಿ ಮಾಡುವ ನಿಜವಾದ ಬಿಯರಿನ ಮಾತು ಬಂದಲ್ಲಿ ಅದು ಅಮೆರಿಕದಂಥ ಕಡೆ ಇರುವ ನಮ್ಮವರಿಗೆ. ಅಲ್ಲಿ 1978ರ ಕೇಂದ್ರ ಕಾನೂನು ಮನೆಬಳಕೆಯ ಬಿಯರಿಗೆ ದಾರಿ ಬಿಟ್ಟಿದೆ.

ನೊರೆಪಾನಕವೆಂದರೂ ಒಂದು ಲೆಕ್ಕ ತಿಳಿದಿರಲಿ. ಯೀಸ್ಟ್ ಸಕ್ಕರೆ ತಿಂದಾಗ ಗ್ಯಾಸೂ ಆಲ್ಕೋಹಾಲೂ ತೂಕದಲ್ಲಿ ಹೆಚ್ಚುಕಡಿಮೆ ಸಮಸಮ ಹುಟ್ಟುತ್ತವೆ. ಒಂದು ಲೀಟರಿನಲ್ಲಿ 8 ಗ್ರಾಂ ಸಕ್ಕರೆ ಮುಗಿದರೆ ಹದವಾಗಿ ನೊರೆಯುವಷ್ಟು ಗ್ಯಾಸ್ ಬರುತ್ತದೆ, ಆಲ್ಕೋಹಾಲ್ ಶೇ. 0.5ರ ಹತ್ತಿರ ಬಂದಿರುತ್ತದೆ. ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿ ಅದು ಪೂರ್ತಿ ಮುಗಿಯುವ ತನಕ ಬಿಟ್ಟಿರೋ, ಅದು ಶೇ. 6ರ ಆಸುಪಾಸು, ಅಂಗಡಿಯ ಸಾಧಾರಣ ಬಿಯರಿಗಿಂತ ಒಂದು ಕೈ ಮೇಲೆ. ಸೊನ್ನೆಯೇ ಇರಬೇಕು ಎನ್ನುವ ಮನೆಯಲ್ಲಿ, ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಹುಳಿಬರಿಸಿದ್ದು ಬೇಡವೇ ಬೇಡ. ಶುಂಠಿ ಪಾಕಕ್ಕೆ ತಣ್ಣಗಿನ ಸೋಡಾ ಸುರಿದು ಕೊಡಿ. ರುಚಿಯಲ್ಲಿ ಅದೇನೂ ಎರಡನೆಯ ದರ್ಜೆಯದ್ದಲ್ಲ.

ಶುಂಠಿ

ಇಲ್ಲಿ ಆಯ್ಕೆ ಎರಡಲ್ಲ, ಮೂರು: ಎಳೆಯ ಹಸಿಶುಂಠಿ, ಬಲಿತ ಹಸಿಶುಂಠಿ, ಒಣಶುಂಠಿ.

ಏಪ್ರಿಲ್-ಮೇ ತಿಂಗಳ ಮಳೆಗೆ ನೆಟ್ಟದ್ದು ಆರು ತಿಂಗಳಿಗೆ ಎಳೆಯದಾಗಿ ಸಿಗುತ್ತದೆ. ಸಿಪ್ಪೆ ಉಗುರಿಗೇ ಏಳುತ್ತದೆ, ನಾರಿಲ್ಲ, ರಸ ಜಾಸ್ತಿ, ಖಾರ ಕಮ್ಮಿ. ಎಂಟು-ಒಂಬತ್ತು ತಿಂಗಳಿಗೆ ಎಲೆ ಒಣಗಿದ ಮೇಲೆ ಅಗೆದದ್ದು ಬಲಿತದ್ದು. ತಳಿಯೂ ಲೆಕ್ಕಕ್ಕೆ ಬರುತ್ತದೆ. ರಿಯೊ-ಡಿ-ಜನೈರೊ ಎಂಬ ದಪ್ಪ ಗೆಡ್ಡೆಯ ತಳಿ ಹಸಿಯಾಗಿ ಬಳಸಲು ಹೆಸರಾದದ್ದು, ಮಾರನ್ ಒಣಗಿಸಲು. ನಿಮ್ಮ ತೋಟದಲ್ಲಿರುವುದು ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ತುಂಡು ಮುರಿದು ನೋಡಿ. ಮುರಿದ ಬಾಯಲ್ಲಿ ನಾರು ಗಡ್ಡದಂತೆ ಎದ್ದು ನಿಂತರೆ ಅದನ್ನು ಒಣಗಲು ಬಿಡುವುದೇ ವಾಸಿ.

ಹಸಿಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್. ಒಣಗುವಾಗ ಅದರಲ್ಲೊಂದು ಪಾಲು ಶೋಗಾಲ್ ಆಗಿ ಬದಲಾಗುತ್ತದೆ, ಶೋಗಾಲಿನ ಖಾರ ಸುಮಾರು ಎರಡು ಪಟ್ಟು. ಥಂಡಿ ಕಷಾಯಕ್ಕೆ ಅಜ್ಜಿ ಹಸಿಶುಂಠಿ ಬಿಟ್ಟು ಒಣಶುಂಠಿಯನ್ನೇ ಗುದ್ದುತ್ತಿದ್ದದ್ದು ಸುಮ್ಮನೆ ಅಲ್ಲ. ಹಸಿಯದ್ದನ್ನು ತುಂಬ ಹೊತ್ತು ಕುದಿಸಿದರೆ ಕತೆ ಬೇರೆ: ಜಿಂಜರಾಲ್ ಒಡೆದು ಜಿಂಜರೋನ್ ಆಗುತ್ತದೆ, ಖಾರ ಇಳಿಯುತ್ತದೆ. ಹಸಿಯದ್ದರಲ್ಲಿರುವ ಲಿಂಬೆಯಂಥ ಪರಿಮಳ ಕುದಿಗೂ ಬಿಸಿಲಿಗೂ ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಕ್ರಮ ಹೀಗೆ. ಒಂದು ಲೀಟರಿಗೆ 50 ಗ್ರಾಂ ಬಲಿತ ಹಸಿಶುಂಠಿ ತುರಿಯಬೇಕು. ಅರ್ಧ ತುರಿಯನ್ನು 80 ಗ್ರಾಂ ಸಕ್ಕರೆಯ ಜೊತೆ ಹತ್ತು ನಿಮಿಷ ಕುದಿಸಿ, ಇಳಿಸಿದ ಮೇಲೆ ಉಳಿದರ್ಧ ಹಾಕಿ ಮುಚ್ಚಿಡುವುದು. ಆರಿದ ಮೇಲೆ ಸೋಸಿ ಒಂದು ಲಿಂಬೆಹಣ್ಣು ಹಿಂಡಿದರೆ ಶುಂಠಿ ಪಾಕ ಸಿದ್ಧ. ಒಣಶುಂಠಿ ಮಾತ್ರ ಇದ್ದರೆ ಅಷ್ಟೇ ತೂಕ ಹಾಕಬೇಡಿ. ಕಿಲೋ ಹಸಿಶುಂಠಿ ಒಣಗಿ 200 ಗ್ರಾಂ ಆಗುತ್ತದೆ, ಆ ಲೆಕ್ಕಕ್ಕೆ 50ಕ್ಕೆ 10 ಗ್ರಾಂ. ಖಾರ ಏರಿರುವುದರಿಂದ 6–7 ಗ್ರಾಂ ಸಾಕು. ಪೇಟೆಯಲ್ಲಿ ಕೊಳ್ಳುವಾಗ ಸುಣ್ಣ ಹಿಡಿಸಿ ಬೆಳ್ಳಗೆ ಮಾಡಿದ್ದನ್ನು ಬಿಟ್ಟು ಕಂದು ಬಣ್ಣದ್ದನ್ನು ಆರಿಸಿ. ಸುಣ್ಣ ಲಿಂಬೆಯ ಹುಳಿಯನ್ನು ಕೊಲ್ಲುತ್ತದೆ.

ರುಚಿಯ ಮಟ್ಟಿಗೆ ಹಸಿಯದ್ದು, ಒಣಗಿದ್ದು ಎರಡಕ್ಕೂ ಜಾಗವುಂಟು. ಹುಳಿಬರಿಸುವ ಹೆಪ್ಪಿನ ವಿಷಯಕ್ಕೆ ಬಂದರೆ ಹಸಿಯದ್ದಕ್ಕೆ ಎದುರಿಲ್ಲ.

ಹೆಪ್ಪು

ಶುಂಠಿಯ ಸಿಪ್ಪೆಯ ಮೇಲೆ ಕಾಡು ಯೀಸ್ಟೂ ಮೊಸರಿನ ಜಾತಿಯ ಬ್ಯಾಕ್ಟೀರಿಯಾವೂ ಇರುತ್ತವೆ. ಗಾಜಿನ ಭರಣಿಯಲ್ಲಿ 300 ಮಿ.ಲೀ. ನೀರು, ಸಿಪ್ಪೆಸಹಿತ ತುರಿದ ಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ. ಬಟ್ಟೆ ಕಟ್ಟಿ ಒಲೆಯಿಂದ ದೂರ ಇಡಿ. ದಿನವೂ ಅಷ್ಟಷ್ಟೇ ಶುಂಠಿ, ಸಕ್ಕರೆ ಹಾಕಿ ಕದಡಿ. ಮೊದಲ ದಿನ ತುರಿ ತಳದಲ್ಲಿ ಮಲಗಿರುತ್ತದೆ. ಎರಡನೆಯ ದಿನ ನೀರು ಮಬ್ಬಾಗುತ್ತದೆ. ಆಮೇಲೊಂದು ಬೆಳಿಗ್ಗೆ ನೋಡಿದರೆ ತುರಿಯೆಲ್ಲ ಮೇಲೆದ್ದು ದಪ್ಪ ಪದರವಾಗಿ ನಿಂತಿರುತ್ತದೆ, ನಾರಿನ ಸಂದಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಏರುತ್ತಿರುತ್ತವೆ, ಚಮಚ ಅದ್ದಿದರೆ ಸಣ್ಣಗೆ ಸುಂಯ್ಯೆನ್ನುತ್ತದೆ. ನಮ್ಮ ಸೆಕೆಗೆ ಇದು ಮೂರು-ನಾಲ್ಕು ದಿನದ ಕೆಲಸ. ಮಳೆಗಾಲದಲ್ಲಿ ವಾರ ಹಿಡಿದರೂ ಗಾಬರಿಯಾಗಬೇಕಿಲ್ಲ. ಮೇಲೆ ಬೆಳ್ಳನೆ ತೆಳುಪೊರೆ ಬಂದರೆ ತೆಗೆದು ಮುಂದುವರಿಸಬಹುದು. ಹಸಿರೋ ಕಪ್ಪೋ ಬಣ್ಣದ, ರೋಮದಂಥ ಬೂಸ್ಟು ಬಂದರೆ ಭರಣಿ ಸಮೇತ ತೊಳೆದು ಹೊಸದಾಗಿ ಶುರು ಮಾಡಿ.

ಒಣಶುಂಠಿಯಿಂದ ಹೆಪ್ಪು ಏಳುವ ನಂಬಿಕೆ ಇಲ್ಲ. ಪೇಟೆಯ ತೊಳೆದು ಹೊಳಪೇರಿಸಿದ ಹಸಿಶುಂಠಿಯೂ ಕೆಲವೊಮ್ಮೆ ಮಲಗಿಯೇ ಇರುತ್ತದೆ. ಇನ್ನು ನೀರು. ಬಾವಿನೀರು ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನ ಹೆಪ್ಪಿಡಬೇಡಿ. ಕ್ಲೋರಿನ್ ಕಾಲರಾಕ್ಕೆ ಬೇರೆ, ಯೀಸ್ಟಿಗೆ ಬೇರೆ ಎಂದು ಭೇದ ಮಾಡುವುದಿಲ್ಲ. ನೀರು ಕುದಿಸಿ ಆರಿಸಿಕೊಂಡರೆ ಚಿಂತೆಯಿಲ್ಲ.

ಬೇಕರಿಯ ಒಣ ಯೀಸ್ಟ್ ಇನ್ನೊಂದು ದಾರಿ. ಲೀಟರಿಗೆ ಒಂದು ಚಿಟಿಕೆ, ರಾತ್ರಿ ಹಾಕಿದರೆ ಬೆಳಿಗ್ಗೆ ನೊರೆ. ಕೆಲಸ ಖಂಡಿತ ಆಗುತ್ತದೆ, ಆದರೆ ಬ್ರೆಡ್ಡಿನ ವಾಸನೆ ಬಿಡುವುದಿಲ್ಲ, ಮೊಸರಿನ ತೆಳುಹುಳಿ ಬರುವುದಿಲ್ಲ. ನೆಂಟರು ನಾಳೆ ಬರುತ್ತಾರೆ ಎಂದರೆ ಇದು, ಬೇರೆ ದಿನ ಭರಣಿಯದ್ದು. ಇಡ್ಲಿಯಂಥ ಸನ್ನಣಕ್ಕೆ ಹಾಕುವ ಹಾಗೆ ಕಳ್ಳು ಹಾಕಿದರೇನು ಎಂದು ಕೇಳುವವರಿದ್ದಾರೆ. ಹುಳಿಬರುತ್ತದೆ, ಸಂಶಯವಿಲ್ಲ. ಶುಂಠಿಯ ಪರಿಮಳದ ಮೇಲೆ ಕಳ್ಳಿನ ವಾಸನೆ ಸವಾರಿ ಮಾಡುತ್ತದೆ, ಅಷ್ಟೇ.

ಇಂಗ್ಲೆಂಡಿನವರು ಇದಕ್ಕೆ ‘ಜಿಂಜರ್ ಬಿಯರ್ ಪ್ಲಾಂಟ್’ ಎಂಬುದನ್ನು ಬಳಸುತ್ತಿದ್ದರು. ಮನೆಯಿಂದ ಮನೆಗೆ ಕೊಟ್ಟು ತಂದು ಸಾಕಿದ ಅರೆಪಾರದರ್ಶಕ ಹರಳುಗಳು. ಅದು ಗಿಡವೇ ಅಲ್ಲ, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಂದನ್ನೊಂದು ಹೆಣೆದುಕೊಂಡ ಗಂಟು ಎಂದು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1892ರಲ್ಲಿ ತೋರಿಸಿಕೊಟ್ಟರು. ನಮ್ಮ ಭರಣಿಯಲ್ಲಿ ಹರಳು ಕಟ್ಟುವುದಿಲ್ಲ. ಒಳಗೆ ನಡೆಯುವುದು ಹೆಚ್ಚುಕಡಿಮೆ ಅದೇ ಸಂಸಾರ.

ಹಾಪ್ಸ್

ಬಿಯರಿನ ಕಹಿ ಬರುವುದು ಇದರಿಂದ. ಗಾಂಜಾದ ಕುಟುಂಬಕ್ಕೆ ಸೇರಿದ ಬಳ್ಳಿ, ನಶೆಯದ್ದಲ್ಲ. ಹೆಣ್ಣುಬಳ್ಳಿಯಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡ, ಎಸಳು ಎಸಳಾದ ಹಸಿರು ಹೂಗೊಂಚಲು ಬಿಡುತ್ತದೆ. ಒಂದನ್ನು ಉದ್ದಕ್ಕೆ ಸೀಳಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ, ಬೆರಳಲ್ಲಿ ತಿಕ್ಕಿದರೆ ಅಂಟುತ್ತದೆ, ಲಿಂಬೆಸಿಪ್ಪೆಯೂ ಹುಲ್ಲೂ ಸೇರಿದಂಥ ವಾಸನೆ ಹೊಡೆಯುತ್ತದೆ. ಲುಪುಲಿನ್ ಎನ್ನುವುದು ಅದನ್ನೇ. ಕಹಿಯೂ ಪರಿಮಳವೂ ಅದರೊಳಗೆ.

ಹೊಸದಾಗಿ ಕೊಯ್ದ ಹಾಪ್ಸಿನ ಬಿಯರಿಗೆ ಅಮೆರಿಕದ ಯಾಕಿಮಾ ಕಣಿವೆಯಲ್ಲಿ, ಜರ್ಮನಿಯ ಹಾಲರ್‌ಟೌ ಸೀಮೆಯಲ್ಲಿ ಆಗಸ್ಟ್-ಸೆಪ್ಟೆಂಬರಿನ ಕೊಯ್ಲಿನಲ್ಲಿ ಮಾತ್ರ ಅವಕಾಶ. ಹಸಿ ಹಾಪ್ಸಿನಲ್ಲಿ ನೂರಕ್ಕೆ 75–80 ಪಾಲು ನೀರು. ರಾಶಿ ಹಾಕಿದರೆ ಹಟ್ಟಿಗೆ ತಂದ ಹಸಿಸೊಪ್ಪಿನ ಹಾಗೆ ಒಳಗಿಂದ ಬಿಸಿಯೇರಿ ಕಂದಾಗುತ್ತದೆ. ಕೊಯ್ದ 24 ಗಂಟೆಯೊಳಗೆ ಹಂಡೆಗೆ ಬೀಳಬೇಕು. ಮಿಕ್ಕದ್ದನ್ನು ಗೂಡಿನಲ್ಲಿ ಬಿಸಿಗಾಳಿ ಹಾಯಿಸಿ, ತೇವ ಶೇ. 10ರ ಆಸುಪಾಸಿಗೆ ಇಳಿಸಿ, ಒತ್ತಿ ಕಟ್ಟುತ್ತಾರೆ, ಇಲ್ಲವೇ ಪುಡಿಮಾಡಿ ಗುಳಿಗೆಯಂಥ ಪೆಲೆಟ್ ಮಾಡುತ್ತಾರೆ.

ಅಲ್ಲಿ ಇರುವವರಿಗೆ, ಹಿತ್ತಿಲ ಬೇಲಿಗೆ ಬಳ್ಳಿ ಹಬ್ಬಿಸಿದವರಿಗೆ ನನ್ನ ಸಲಹೆ: ಎರಡನ್ನೂ ಬಳಸಿ, ಎರಡಕ್ಕೂ ಬೇರೆ ಬೇರೆ ಕೆಲಸ ಕೊಡಿ. ಕಹಿ ಹುಟ್ಟಬೇಕಾದರೆ ಲುಪುಲಿನ್ನಿನಲ್ಲಿರುವ ಆಲ್ಫಾ ಆಮ್ಲಗಳು ಸುಮಾರು ಒಂದು ಗಂಟೆ ಕುದಿಯಬೇಕು. ಪೆಲೆಟ್ ಪೊಟ್ಟಣದ ಮೇಲೆ ಆಲ್ಫಾ ಆಮ್ಲ ಶೇಕಡಾ ಎಷ್ಟೆಂದು ಅಚ್ಚಾಗಿರುತ್ತದೆ, ಲೆಕ್ಕ ಹಿಡಿದು ಹಾಕಬಹುದು. ಬೇಲಿಯ ಹೂವಿಗೆ ಆ ಚೀಟಿ ಇಲ್ಲ. ಈ ವರ್ಷದ ಕಹಿ ಮುಂದಿನ ವರ್ಷ ಇರುವುದಿಲ್ಲ. ಹಾಗಾಗಿ ಕುದಿಯ ಆರಂಭದಲ್ಲಿ ಪೆಲೆಟ್, ಬೆಂಕಿ ಆರಿಸುವ ಹೊತ್ತಿಗೆ ಹಸಿಯದ್ದು, ಒಣಗಿದ್ದರ ನಾಲ್ಕೈದು ಪಟ್ಟು ತೂಕ. ಆ ಸೊಪ್ಪಿನ ರಾಶಿ ಒಂದಿಷ್ಟು ಬಿಯರ್ ಹೀರಿಕೊಳ್ಳುತ್ತದೆ, ಪಾತ್ರೆ ದೊಡ್ಡದಿರಲಿ. ಜಾಸ್ತಿ ಹೊತ್ತು ಒಳಗೇ ಬಿಟ್ಟರೆ ಹಸಿಹುಲ್ಲಿನ ರುಚಿ ಹತ್ತುತ್ತದೆ. ಇಂಥ ಬಿಯರ್ ಇಟ್ಟು ಕುಡಿಯುವಂಥದ್ದಲ್ಲ, ಪರಿಮಳ ವಾರ ವಾರಕ್ಕೂ ಇಳಿಯುತ್ತದೆ.

ಕಾಸರಗೋಡಿನಲ್ಲಿ ಇರುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಹಾಪ್ಸ್ ಬಳ್ಳಿಗೆ ಚಳಿಗಾಲದಲ್ಲಿ ಮಲಗಿ ಏಳುವ ನಿದ್ದೆ ಬೇಕು, ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ನಮ್ಮಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಆ ಹಗಲಿನಲ್ಲಿ ಸೂರ್ಯ ಕಂಡರೆ ಅದೇ ದೊಡ್ಡದು. ಭಾರತದಲ್ಲಿ ಹಾಪ್ಸ್ ಬೆಳೆಯುವ ಜಾಗವೆಂದರೆ ಹಿಮಾಚಲದ ಲಾಹೌಲ್ ಕಣಿವೆ. ಅಲ್ಲಿಂದ ಹಸಿಯದ್ದು ಇಲ್ಲಿಗೆ ಮುಟ್ಟುವಾಗ ಗೊಬ್ಬರವಾಗಿರುತ್ತದೆ. ‘ಫ್ರೆಶ್ ಹಾಪ್ಸ್’ ಎಂದು ಆನ್‌ಲೈನಿನಲ್ಲಿ ಮಾರುವುದನ್ನು ಕಂಡರೆ ಅದು ಈ ವರ್ಷ ಒಣಗಿಸಿದ್ದು ಎಂದು ಮಾತ್ರ ತಿಳಿಯಿರಿ. ಕೊಳ್ಳುವುದಾದರೆ ಗಾಳಿಯಾಡದ ಪೊಟ್ಟಣದ ಪೆಲೆಟ್ ಕೊಳ್ಳಿ, ಒಡೆದ ಮೇಲೆ ಬಾಯಿ ಬಿಗಿದು ಫ್ರೀಜರಿನಲ್ಲಿಡಿ. ಸೆಕೆಗೆ ಬಿಟ್ಟರೆ ಹಳೆಯ ಚೀಸಿನ ವಾಸನೆ ಬರುತ್ತದೆ.

ಜಿಂಜರ್ ಬಿಯರಿಗೆ ಲೀಟರಿಗೆ ಒಂದು ಗ್ರಾಂ ಪೆಲೆಟ್ ಮೇಲೆ ಹೋಗಬೇಡಿ. ಲೋಟ ನೀರಿನಲ್ಲಿ ಬೇರೆಯೇ ಕುದಿಸಿ ಸೋಸಿ ಬೆರೆಸಿ. ಹೆಪ್ಪಿನ ಭರಣಿಗಂತೂ ಹಾಕಲೇಬಾರದು, ಹಾಪ್ಸಿನ ಕಹಿ ಮೊಸರಿನ ಜಾತಿಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಸೋಸಿದ ಗಸಿಯನ್ನು ತೆಂಗಿನ ಬುಡಕ್ಕೆ ಎಸೆಯುವ ಮೊದಲು ನಾಯಿ ಎಲ್ಲಿದೆ ನೋಡಿ: ಹಾಪ್ಸ್ ನಾಯಿಗೆ ವಿಷ, ಮೈಬಿಸಿ ಏರಿ ಸಾಯುವುದೂ ಉಂಟು. ಕೊಂಚ ಕಹಿ ಇದ್ದರೆ ಸಾಕು ಎನ್ನುವವರಿಗೆ ನಾನು ಹೇಳುವುದು ಹೇರಳೆಕಾಯಿ ಸಿಪ್ಪೆ. ಬಿಳಿಭಾಗ ಸಮೇತ ಎರಡು ಬೆರಳಗಲದ ತುಂಡು, ಪಾಕದ ಜೊತೆ ಐದು ನಿಮಿಷ. ಬಿಯರಿನ ಕಹಿ ಅಲ್ಲ, ಶುಂಠಿಗೆ ಮಾತ್ರ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಪುನರ್ಪುಳಿ

ಇಲ್ಲಿ ಒಣಗಿದ್ದು ಗೆಲ್ಲುತ್ತದೆ. ಹಣ್ಣು ಏಪ್ರಿಲ್-ಮೇ ತಿಂಗಳಲ್ಲಿ ಕೆಂಪಾಗಿ, ಮಳೆ ಹಿಡಿದರೆ ಮರದಡಿಯಲ್ಲೇ ಕೊಳೆಯುತ್ತದೆ. ಸಿಪ್ಪೆ ಬಿಸಿಲಿಗೆ ಒಣಗಿಸಿ ಭರಣಿಗೆ ತುಂಬಿದರೆ ವರ್ಷವಿಡೀ ಸಿಗುತ್ತದೆ, ಹುಳಿಯಲ್ಲಿ ಮೋಸವಿಲ್ಲ. ಹಸಿಯದ್ದರ ಬಣ್ಣ ಕಣ್ಣು ಕೋರೈಸುವಂಥದ್ದು ನಿಜ, ಮೇ ತಿಂಗಳಲ್ಲಿ ಮಾಡುವುದಾದರೆ ಅದನ್ನೇ ಹಾಕಿ. ಯಾವುದೇ ಇರಲಿ, ಅದರ ತೀಕ್ಷ್ಣ ಹುಳಿಗೆ ಯೀಸ್ಟ್ ಮುದುಡಿಕೊಳ್ಳುತ್ತದೆ. ಲೀಟರಿಗೆ ನಾಲ್ಕೈದು ಒಣಸಿಪ್ಪೆ ನೆನೆಸಿದ ನೀರು ಸಾಕು, ಆಗ ಲಿಂಬೆ ಬೇಡ.

ಗೇರುಹಣ್ಣು

ಒಣಗಿಸುವ ಮಾತೇ ಇಲ್ಲದ ಹಣ್ಣು. ಫೆಬ್ರವರಿಯಿಂದ ಮೇ ತನಕ ಗುಡ್ಡೆಯ ತುಂಬ ಬೀಳುತ್ತದೆ, ಬೀಜ ತಿರುಪಿ ತೆಗೆದ ಮೇಲೆ ಹಣ್ಣನ್ನು ಕೇಳುವವರಿಲ್ಲ. ಬಿದ್ದ ದಿನ ಸಂಜೆಗೇ ಹುಳಿವಾಸನೆ ಶುರು. ಗೋವಾದವರು ಈ ಆತುರವನ್ನೇ ಬಂಡವಾಳ ಮಾಡಿಕೊಂಡು ಫೆನಿ ಭಟ್ಟಿ ಇಳಿಸುತ್ತಾರೆ, ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ನಮಗೆ ಆ ದಾರಿ ಇಲ್ಲ. ನಮಗೆ ಬೇಕಾದ್ದು ಹುಳಿಬರಿಸುವುದಕ್ಕಿಂತ ಹೆಚ್ಚಾಗಿ ಹುಳಿಬರದಂತೆ ತಡೆಯುವುದು.

ಬೆಳಿಗ್ಗೆ ಮರದಿಂದಲೇ ಕೊಯ್ದ ಹಣ್ಣು, ಮಧ್ಯಾಹ್ನದೊಳಗೆ ಹಿಂಡಬೇಕು. ಗಂಟಲು ಕೆರೆಸುವ ಒಗರು ಟ್ಯಾನಿನ್‌ನದ್ದು. ಸಾಬಕ್ಕಿ ಬೇಯಿಸಿದ ಗಂಜಿ ರಸಕ್ಕೆ ಬೆರೆಸಿ ಇಟ್ಟರೆ ಅದು ಒಗರನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಹೊರಗೆ ಇಟ್ಟರೆ ತಿಳಿಯಾಗುವುದರೊಳಗೆ ಹುಳಿಬಂದಿರುತ್ತದೆ, ಫ್ರಿಜ್ಜಿನೊಳಗೇ ಇಡಬೇಕು. ಆ ರಸವನ್ನು ಒಂದು ಕುದಿ ಬರಿಸಿ, ಆರಿಸಿ, ಶುಂಠಿ ಪಾಕಕ್ಕೆ ಕಾಲುಭಾಗ ಸೇರಿಸಿ ಭರಣಿಯ ಹೆಪ್ಪು ಹಾಕಿದರೆ ಒಳ್ಳೆಯ ಪಾನಕ. ಕುದಿಸದ ರಸ ಹಾಕಿದರೆ ಹೆಪ್ಪಿನ ಯೀಸ್ಟ್ ಬೇರೆ, ಹಣ್ಣಿನ ಯೀಸ್ಟ್ ಬೇರೆ, ಬಾಟಲಿ ಯಾರ ಮಾತನ್ನೂ ಕೇಳುವುದಿಲ್ಲ. ಔಷಧಿ ಸಿಂಪಡಿಸಿದ ತೋಟದ ಹಣ್ಣು ಬೇಡ. ಎಂಡೋಸಲ್ಫಾನ್ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಸಿರಸ ಹುಳಿಬರದ ಹಾಗೆ ಹಿಡಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಕಾಸರಗೋಡಿನಲ್ಲೇ ಸಾಕ್ಷಿಯುಂಟು. ಇಲ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಹೊಂಬಾಳೆಯ ರಸವನ್ನು ಮರದಲ್ಲೇ ಮಂಜುಗಡ್ಡೆಯ ಪೆಟ್ಟಿಗೆಗೆ ಇಳಿಸುವ ಉಪಕರಣ ಮಾಡಿ, ಹಾಗೆ ಸಿಕ್ಕಿದ ರಸಕ್ಕೆ ಕಲ್ಪರಸ ಎಂದು ಹೆಸರಿಟ್ಟರು. ಮಣ್ಣಿನ ಕುಡಿಕೆ ಕಟ್ಟಿ ಬಿಟ್ಟರೆ ಅದೇ ರಸ ಇಳಿಸುವ ಹೊತ್ತಿಗೆ ಕಳ್ಳಾಗಿರುತ್ತದೆ.

ಬಾಟಲಿ

ಗಾಜೋ ಪ್ಲಾಸ್ಟಿಕ್ಕೋ ಎಂದರೆ ಹೊಸಬರಿಗೆ ಪ್ಲಾಸ್ಟಿಕ್ಕೇ, ಅದೂ ಪೆಪ್ಸಿ-ಕೋಲಾ ಬಂದ ಬಾಟಲಿ. ನೀರಿನ ತೆಳು ಬಾಟಲಿ ಆಗದು. ಹಿಸುಕಿ ನೋಡಿದರೆ ಒಳಗಿನ ಒತ್ತಡ ಕೈಗೆ ಗೊತ್ತಾಗುತ್ತದೆ, ಗಾಜು ಒಡೆಯುವ ತನಕ ಏನೂ ಹೇಳುವುದಿಲ್ಲ. ಗೋಲಿಸೋಡಾ ಬಾಟಲಿ ಒತ್ತಡ ತಡೆಯುತ್ತದೆ, ಆದರೆ ಯಂತ್ರವಿಲ್ಲದೆ ಅದನ್ನು ತುಂಬುವುದು ಹೇಗೆ? ಲೀಟರ್ ಪಾಕಕ್ಕೆ ಭರಣಿಯ ತಿಳಿ 60 ಮಿ.ಲೀ. ಸೇರಿಸಿ, ಮೇಲೆ ಮೂರು ಬೆರಳು ಖಾಲಿ ಬಿಟ್ಟು ಮುಚ್ಚಳ ಬಿಗಿಯಿರಿ. ಏಪ್ರಿಲಿನ ಸೆಕೆಗೆ ಒಂದು ರಾತ್ರಿ ಸಾಕು, ಜುಲೈಯಲ್ಲಿ ಎರಡು ದಿನ ಬೇಕಾದೀತು. ಹಿಸುಕಿದರೆ ತಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ.

ಫ್ರಿಜ್ಜಿನಲ್ಲಿ ಯೀಸ್ಟ್ ಸಾಯುವುದಿಲ್ಲ, ತೂಕಡಿಸುತ್ತದೆ. ವಾರದೊಳಗೆ ಕುಡಿದು ಮುಗಿಸಿ. ಜೂನ್ ತಿಂಗಳ ಗಾಳಿಮಳೆಗೆ ಮರ ಬಿದ್ದು ಅರ್ಧದಿನ ಕರೆಂಟು ಹೋಯಿತೆಂದರೆ, ಒಂದೊಂದೇ ಬಾಟಲಿ ಹೊರಗೆ ತೆಗೆದು ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಿರಿ. ಮುಖ ದೂರ ಇರಲಿ, ಕೆಳಗೊಂದು ತಟ್ಟೆ ಇರಲಿ.